ಉಮೇದುವಾರನಿಂದ ಎಂಜಿನಿಯರ್‌ವರೆಗೆ

ಹಿರಿಯೂರಿಗೆ ಪಶ್ಚಿಮದಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯನ್ನು ಮುಚ್ಚಿ ವೇದಾವತಿಗೆ ಅಡ್ಡಲಾಗಿ ನಿಂತಿದೆ ವಾಣಿವಿಲಾಸ ಸಾಗರದ ಅಣೆಕಟ್ಟೆ. ಜನರ ಬಾಯಲ್ಲಿ ಅದು ಇಂದಿಗೂ ಮಾರಿಕಣಿವೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಕಟ್ಟೆಯ ಉದ್ದ ಸುಮಾರು 405 ಮೀಟರ್, ಎತ್ತರ ಸುಮಾರು 50 ಮೀಟರ್. ಅದು ಹಿಡಿದಿಡಬಲ್ಲ ನೀರು 30 ಟಿಎಂಸಿ ಅಡಿ. ಮಳೆಯ ನೆರಳಿನಲ್ಲಿರುವ ಸೀಮೆಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಪದವಿಯ ಕಾಲೇಜು ಬೆಂಗಳೂರಿನಲ್ಲಿ ಬಾಗಿಲು ತೆರೆದದ್ದು 1917ರಲ್ಲಿ. ಅಂದರೆ ಕಟ್ಟೆ ಮುಗಿದು ಹತ್ತು ವರ್ಷಗಳಾದ ಮೇಲೆ.

ಹಾಗಾದರೆ ಕಟ್ಟಿದವರು ಆ ವಿದ್ಯೆಯನ್ನು ಕಲಿತದ್ದೆಲ್ಲಿ? ಮೇಲಿನ ಕೆಲವು ಅಧಿಕಾರಿಗಳು ಸಂಸ್ಥಾನದ ಹೊರಗೆ ಓದಿ ಬಂದವರು. ಅವರ ಕೆಳಗಿದ್ದ ಬಹುಪಾಲು ಜನ ಕೆಲಸದ ಜಾಗದಲ್ಲೇ, ಇನ್ನೊಬ್ಬರ ಕೈಕೆಳಗೆ ನಿಂತು ಕಲಿತವರು. ಆ ಕಾಲದ ಕಚೇರಿ ಭಾಷೆಯಲ್ಲಿ ಹೀಗೆ ಕಲಿಯುತ್ತಾ ಕೆಲಸಕ್ಕೆ ಕಾಯುವವನಿಗೆ 'ಉಮೇದುವಾರ' ಎಂದು ಹೆಸರು. ಇಂದಿನ ಮಾತಿನಲ್ಲಿ ಅಪ್ರೆಂಟಿಸ್. ಸರಕಾರಿ ಕಾಗದದಲ್ಲಿ ಶಿಶಿಕ್ಷು. ಹೆಸರು ಬದಲಾದರೂ ಅವನ ಮುಂದಿರುವ ಪ್ರಶ್ನೆಗಳು ಮೂರೇ: ಕಲಿಯಲು ಒಳಗೆ ಬಿಡುವರೇ? ನಿಜವಾಗಿ ಕಲಿಸುವರೇ? ಕಲಿತ ಮೇಲೆ ಕೆಲಸ ಕೊಡುವರೇ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಇತಿಹಾಸದಲ್ಲಿ ಈ ಮೂರು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಸಿಕ್ಕಿದೆ.

ಕೋಟೆಯ ಕಲ್ಲು, ಮತ್ತೋಡಿನ ಕುಲುಮೆ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ವೀರಗಾಥೆಗಳ ಮೂಲಕ ನೋಡುವುದೇ ರೂಢಿ. ಕಟ್ಟಡದ ಕೆಲಸ ಬಲ್ಲವರ ಕಣ್ಣಿಗೆ ಅಲ್ಲಿ ಬೇರೊಂದು ಚರಿತ್ರೆಯೂ ಕಾಣುತ್ತದೆ. ಬಂಡೆಯನ್ನು ಸೀಳಲು ಸಾಲಾಗಿ ಕೊರೆದ ಕುಳಿಗಳ ಗುರುತು, ಗಾರೆಯಿಲ್ಲದೆ ಒಂದರ ಮೇಲೊಂದು ಕೂತ ಕಲ್ಲುಗಳು, ಮದ್ದು ಬೀಸಲು ಕೂರಿಸಿದ ಭಾರಿ ಬೀಸುಕಲ್ಲುಗಳು ಇವೆಲ್ಲ ಲೆಕ್ಕಾಚಾರವಿಲ್ಲದೆ ಆಗುವ ಕೆಲಸವಲ್ಲ. ಎಲ್ಲಕ್ಕಿಂತ ಹೆಚ್ಚಿನದು ನೀರಿನ ಏರ್ಪಾಡು. ಬೆಟ್ಟದ ಮೇಲಿನ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಹೊಂಡಕ್ಕೆ ಹರಿಯುವಂತೆ ಇಳಿಜಾರನ್ನು ಬಳಸಿಕೊಂಡಿದ್ದಾರೆ. ಹನಿ ಮಳೆಯನ್ನೂ ಬಿಡದ ಈ ಜಾಣ್ಮೆಯನ್ನು ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಿಲ್ಲ. ಹಿರಿಯ ಕಲ್ಲುಕುಟಿಗನ ಪಕ್ಕದಲ್ಲಿ ಚಾಣ ಹಿಡಿದು ಕೂತ ಹುಡುಗನ ಕೈಗೆ, ಕಣ್ಣಿಗೆ ಅದು ದಾಟಿ ಬಂತು.

ಹೊಸದುರ್ಗ ತಾಲ್ಲೂಕಿನ ಮತ್ತೋಡು ಇನ್ನೊಂದು ಉದಾಹರಣೆ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಗಾಜಿನ ಬಳೆ ಮಾಡುವ ಕುಲುಮೆಗಳನ್ನು ಕಂಡು, ಅವುಗಳ ಕೆಲಸದ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಚೌಳು ಮಣ್ಣಿನಿಂದ ತೆಗೆದ ಸೋಡಾ, ಬಿಳಿ ಬೆಣಚುಕಲ್ಲಿನ ಪುಡಿ ಇವೇ ಮೂಲ ಸಾಮಗ್ರಿ. ಅವನ್ನು ಎಷ್ಟು ಪ್ರಮಾಣದಲ್ಲಿ ಬೆರೆಸಬೇಕು, ಕುಲುಮೆಯ ಬೆಂಕಿ ಯಾವ ಬಣ್ಣಕ್ಕೆ ಬಂದಾಗ ಗಾಜು ಹದವಾಗುತ್ತದೆ, ಕರಗಿದ ಗಾಜನ್ನು ಎಷ್ಟು ಬೇಗ ಬಳೆಯಾಗಿ ತಿರುಗಿಸಬೇಕು ಎಂಬುದನ್ನು ಅಳೆಯಲು ಉಪಕರಣವಿರಲಿಲ್ಲ. ತಾಪಮಾನವನ್ನು ಕಣ್ಣೇ ಅಳೆಯಬೇಕಿತ್ತು.

ಇಂಥ ಕಲಿಕೆಗೆ ಒಂದು ದೊಡ್ಡ ಗುಣವಿತ್ತು: ಕಲಿತವನಿಗೆ ಕೆಲಸ ಗೊತ್ತಿರುತ್ತಿತ್ತು, ಕಲಿತ ಮೇಲೆ ಕೆಲಸವೂ ಇರುತ್ತಿತ್ತು. ದೋಷವೂ ಅಷ್ಟೇ ದೊಡ್ಡದು. ಬಾಗಿಲು ತೆರೆಯುತ್ತಿದ್ದುದು ಆಯಾ ಕುಲದ, ಅದರಲ್ಲೂ ಆಯಾ ಮನೆಯ ಗಂಡುಮಕ್ಕಳಿಗೆ ಮಾತ್ರ. ವಿದ್ಯೆ ಮನೆಯ ಗುಟ್ಟಾದ್ದರಿಂದ, ಬೇಡಿಕೆ ಕುಸಿದು ಮನೆಯವರು ಬೇರೆ ಕಸುಬು ಹಿಡಿದಾಗ ವಿದ್ಯೆಯೂ ಅವರೊಂದಿಗೆ ಮರೆಯಾಯಿತು.

ಸರಪಳಿ ಹಿಡಿದ ಹುಡುಗರು

ಬುಕಾನನ್ ತಿರುಗಾಡುತ್ತಿದ್ದ ಕಾಲದಲ್ಲೇ ಮೈಸೂರು ಸೀಮೆಗೆ ಇನ್ನೊಂದು ಬಗೆಯ ಉಮೇದುವಾರರು ಕಾಲಿಟ್ಟರು. 1799ರ ಯುದ್ಧದ ನಂತರ ಗೆದ್ದ ನಾಡನ್ನು ಅಳೆದು ನಕ್ಷೆ ಮಾಡುವ ಹೊಣೆ ಕಾಲಿನ್ ಮೆಕೆಂಜಿಗೆ ಬಿತ್ತು. ಅವನ ಮೈಸೂರು ಸರ್ವೆಯಲ್ಲಿ ಚಿತ್ರದುರ್ಗದ ಸೀಮೆಯೂ ಸೇರಿತ್ತು. ಇಷ್ಟು ದೊಡ್ಡ ಪ್ರದೇಶವನ್ನು ಅಳೆಯಲು ತರಬೇತಾದ ಕೈಗಳು ಬೇಕು. ಅವು ಬಂದದ್ದು ಮದರಾಸಿನಿಂದ.

ಮದರಾಸಿನಲ್ಲಿ 1794ರಲ್ಲಿ ಮೈಕೆಲ್ ಟಾಪಿಂಗ್ ಎಂಬ ಖಗೋಳಜ್ಞನ ಮುತುವರ್ಜಿಯಿಂದ ಒಂದು ಸರ್ವೆ ಶಾಲೆ ಆರಂಭವಾಗಿತ್ತು. ಮೊದಲಿಗೆ ಅದರಲ್ಲಿದ್ದವರು ಎಂಟು ಹುಡುಗರು. ಅಲ್ಲಿಗೆ ಸೇರಿದವರಲ್ಲಿ ಹೆಚ್ಚಿನವರು ಯುರೋಪಿಯನ್ ತಂದೆ, ಭಾರತೀಯ ತಾಯಿಯ ಅನಾಥ ಮಕ್ಕಳು. ಗಣಿತ, ನಕ್ಷೆ ಬರೆಯುವುದು, ಉಪಕರಣಗಳ ಬಳಕೆ ಇಷ್ಟನ್ನು ಕಲಿಸಿ ಅವರನ್ನು ಅಪ್ರೆಂಟಿಸ್‌ಗಳಾಗಿ ಸರ್ವೆಯ ಡೇರೆಗಳಿಗೆ ಕಳುಹಿಸುತ್ತಿದ್ದರು. ಉಳಿದ ಪಾಠ ಬಯಲಿನಲ್ಲೇ: ಸರಪಳಿ ಎಳೆಯುವುದು, ಗುಡ್ಡದ ನೆತ್ತಿಯಿಂದ ಕೋನ ಅಳೆಯುವುದು, ಸಂಜೆ ಡೇರೆಯಲ್ಲಿ ಕೂತು ದಿನದ ಅಳತೆಯನ್ನು ಕಾಗದಕ್ಕೆ ಇಳಿಸುವುದು.

ಕಂಪನಿ ಸರಕಾರಕ್ಕೆ ಈ ಏರ್ಪಾಡು ಹಿಡಿಸಿದ್ದಕ್ಕೆ ಕಾರಣ ಸರಳ. ಒಬ್ಬ ಮಿಲಿಟರಿ ಎಂಜಿನಿಯರ್ ಅಧಿಕಾರಿಯ ಸಂಬಳದೆದುರು ಈ ಹುಡುಗರಿಗೆ ಕೊಡುತ್ತಿದ್ದುದು ಅಲ್ಪ. ಆದರೂ ಕಲಿತವರು ಬೆಳೆದರು. ಈ ಶಾಲೆಯಲ್ಲಿ ಕಲಿತು ಮೆಕೆಂಜಿಯ ಕೈಕೆಳಗೆ ಪಳಗಿದ ಬೆಂಜಮಿನ್ ವಾರ್ಡ್ ಮುಂದೆ ಕಾನರ್ ಎಂಬ ಅಧಿಕಾರಿಯೊಂದಿಗೆ ಇಡೀ ತಿರುವಾಂಕೂರನ್ನು ಅಳೆದು ಹೆಸರಾದ. ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಎಂಟು ಹುಡುಗರ ಆ ಶಾಲೆ ಹಂತ ಹಂತವಾಗಿ ಬೆಳೆದು ಇಂದಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಾಗಿದೆ. ದಕ್ಷಿಣ ಭಾರತದ ಅತ್ಯಂತ ಹಳೆಯ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ್ದೇ ಉಮೇದುವಾರಿಕೆಯ ಹೊಟ್ಟೆಯಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

ಮಾರಿಕಣಿವೆಯೆಂಬ ಪಾಠಶಾಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಲೋಕೋಪಯೋಗಿ ಇಲಾಖೆಯಲ್ಲಿ ಎರಡು ಏಣಿಗಳು ಸ್ಪಷ್ಟವಾಗಿದ್ದವು. ಮೊದಲನೆಯದು ಕಾಲೇಜಿನ ಏಣಿ. ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ ಎಂ. ವಿಶ್ವೇಶ್ವರಯ್ಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ, 1884ರಲ್ಲಿ ಮುಂಬಯಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ಸೇರಿದರು. ಅವರಿಗೂ ಮೊದಲ ನಿಜವಾದ ಪಾಠ ಕಲಿಸಿದ್ದು ಕಾಮಗಾರಿಯೇ. ಖಾನ್‌ದೇಶದಲ್ಲಿ ಪಾಂಜರಾ ನದಿಯ ಬಳಿ ಪೈಪಿನ ಸೈಫನ್ ಹಾಕುವ ಕೆಲಸ ಅವರ ಪಾಲಿಗೆ ಬಂತು. ಮಳೆಗಾಲದಲ್ಲಿ ಕೆಲಸ ಮುಂದೂಡಲು ಬಯಸಿದಾಗ ಮೇಲಧಿಕಾರಿ ಒಪ್ಪದೆ, ಅದನ್ನು ಮುಗಿಸಿಯೇ ತೀರಬೇಕಾಯಿತು. ಬ್ರಿಟಿಷ್ ಇಂಡಿಯಾದ ಇಲಾಖೆಗಳಲ್ಲಿ 'ಅಪ್ರೆಂಟಿಸ್ ಎಂಜಿನಿಯರ್' ಎಂಬ ದರ್ಜೆಯೇ ಇತ್ತು. ಕಾಲೇಜು ಮುಗಿಸಿದವನನ್ನೂ ಕೆಲಸದ ಜಾಗದಲ್ಲಿ ಪಳಗಿಸದೆ ಎಂಜಿನಿಯರ್ ಎಂದು ಒಪ್ಪಬಾರದೆಂಬುದು ಅದರ ಹಿಂದಿನ ತಿಳಿವಳಿಕೆ.

ಎರಡನೆಯ ಏಣಿಯ ಬುಡದಲ್ಲಿದ್ದವರು ಮೇಸ್ತ್ರಿ, ಸಬ್ ಓವರ್‌ಸಿಯರ್, ಓವರ್‌ಸಿಯರ್. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದಾಗ ಮಾರಿಕಣಿವೆಯ ಕೆಲಸ ಶುರುವಾಯಿತು. ಕಟ್ಟೆಗೆ ಅವರ ಹೆಸರು ಬಂದದ್ದು ಹೀಗೆ. ಅಂಥ ಕಾಮಗಾರಿಯಲ್ಲಿ ಹೊಸಬ ಏನು ಕಲಿಯುತ್ತಿದ್ದ ಎಂಬುದನ್ನು ತಿಳಿದರೆ ಉಮೇದುವಾರಿಕೆಯ ತಿರುಳು ಅರ್ಥವಾಗುತ್ತದೆ. ಸರಪಳಿ ಹಾಗೂ ಲೆವೆಲ್ ಹಿಡಿದು ಕಟ್ಟಡದ ಗೆರೆ ಹಾಕುವುದು; ತೂಗುಗುಂಡು ಬಿಟ್ಟು ಗೋಡೆಯ ನೇರ ನೋಡುವುದು; ಪಾಯದ ಬಂಡೆ ಗಟ್ಟಿಯೋ ಬಿರುಕು ಬಿಟ್ಟಿದೆಯೋ ಎಂದು ಸುತ್ತಿಗೆಯ ಸದ್ದಿನಲ್ಲೇ ಗುರುತಿಸುವುದು; ಗಾರೆಯ ಹದ ಪರೀಕ್ಷಿಸುವುದು; ಕೂಲಿಗಳ ಹಾಜರಿ ಪಟ್ಟಿ ಬರೆಯುವುದು. ಎಲ್ಲಕ್ಕಿಂತ ಜವಾಬ್ದಾರಿಯದು ಅಳತೆ ಪುಸ್ತಕ. ಗುತ್ತಿಗೆದಾರನಿಗೆ ಹಣ ಸಂದಾಯವಾಗುವುದು ಅದರಲ್ಲಿನ ಅಂಕಿಗಳ ಮೇಲೆ. ಅದರಲ್ಲಿ ತಪ್ಪಿಲ್ಲದೆ, ಮುಲಾಜಿಲ್ಲದೆ ಬರೆಯಲು ಕಲಿತವನು ಅರ್ಧ ಎಂಜಿನಿಯರ್ ಆದಂತೆ.

ಇಂಥ ದೊಡ್ಡ ಕಟ್ಟೆಯ ಕೆಲಸ ಒಂಬತ್ತು ವರ್ಷ ನಡೆಯುವಾಗ ಅದು ತಾನಾಗಿಯೇ ಪಾಠಶಾಲೆಯಾಗುತ್ತದೆ. ಮಾರಿಕಣಿವೆ ಮುಗಿದ ನಾಲ್ಕೇ ವರ್ಷಕ್ಕೆ, 1911ರಲ್ಲಿ, ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯ ಕೆಲಸಕ್ಕೆ ಸಂಸ್ಥಾನ ಕೈಹಾಕಿತು. ಆಗ ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ಹೆಸರು ಎಲ್ಲರಿಗೂ ಗೊತ್ತು. ಕಲ್ಲಿನ ಕಟ್ಟೆ ಕಟ್ಟಿ ಅಭ್ಯಾಸವಿದ್ದ ಇಲಾಖೆಯೊಂದು ಆಗಲೇ ಸಂಸ್ಥಾನದಲ್ಲಿ ಇತ್ತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಆದರೆ ಎರಡನೆಯ ಏಣಿ ಎತ್ತರಕ್ಕೆ ಹೋಗುತ್ತಿರಲಿಲ್ಲ. ಓವರ್‌ಸಿಯರ್ ಎಷ್ಟೇ ಬಲ್ಲವನಾದರೂ ಎಂಜಿನಿಯರ್ ದರ್ಜೆಗೆ ಏರುವುದು ಅಪರೂಪ. ಇನ್ನು ಕಲ್ಲು ಒಡೆದವರ, ಮಣ್ಣು ಹೊತ್ತವರ ಮಕ್ಕಳಿಗೆ ಮೊದಲ ಮೆಟ್ಟಿಲೇ ಎಟುಕುತ್ತಿರಲಿಲ್ಲ. ಅಳತೆ ಪುಸ್ತಕ ಬರೆಯಬೇಕಾದರೆ ಶಾಲೆ ಕಂಡಿರಬೇಕಿತ್ತು. ಹಳೆಯ ದಾಖಲೆಗಳು ವಡ್ಡರೆಂದು ಕರೆದ ಭೋವಿ ಜನ ಕೆರೆ, ಕಟ್ಟೆ, ಕೋಟೆಗಳ ಕಲ್ಲುಮಣ್ಣಿನ ಕೆಲಸಕ್ಕೆ ಹೆಸರಾದವರು. ಕೆಲಸ ಅವರದು, ಪುಸ್ತಕ ಇನ್ನೊಬ್ಬರದು.

ರೈಲು ತೆರೆದ ದಾರಿ

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಈ ಕಥೆಯಲ್ಲಿ ಬರುವುದು ರೈಲಿನ ಮೂಲಕ. ಬೆಂಗಳೂರು-ಹುಬ್ಬಳ್ಳಿ ಹಾದಿಯಲ್ಲಿರುವ ಈ ನಿಲ್ದಾಣದಿಂದ ಚಿತ್ರದುರ್ಗಕ್ಕೆ ಕವಲು ಹಾದಿ ಬಂದದ್ದು 1921ರಲ್ಲಿ. ರೈಲು ಬಂದ ಕಡೆಗೆಲ್ಲ ಹೊಸ ಬಗೆಯ ಗುರುಮನೆಯೊಂದು ಹತ್ತಿರವಾಯಿತು. ಅದು ರೈಲ್ವೆ ವರ್ಕ್‌ಷಾಪ್. ಹುಬ್ಬಳ್ಳಿಯಲ್ಲಿ 1885ರಿಂದಲೂ ಅಂಥದೊಂದಿದೆ. ಫಿಟ್ಟರ್, ಟರ್ನರ್, ಬಾಯ್ಲರ್ ಕೆಲಸಗಳನ್ನು ಹುಡುಗರು ಅಲ್ಲಿ ವರ್ಷಗಟ್ಟಲೆ ಅರದ ಹಿಡಿದು ಕಲಿಯಬೇಕಿತ್ತು. ಇಂದಿಗೂ ನೈಋತ್ಯ ರೈಲ್ವೆ ಹುಬ್ಬಳ್ಳಿ, ಮೈಸೂರು ವರ್ಕ್‌ಷಾಪ್‌ಗಳಿಗೆ ಅಪ್ರೆಂಟಿಸ್‌ಗಳನ್ನು ಕರೆಯುತ್ತದೆ.

ಇಲ್ಲಿಯೂ ಎರಡು ಬಾಗಿಲುಗಳಿದ್ದವು. 1927ರಲ್ಲಿ ರೈಲ್ವೆಯು 'ಸ್ಪೆಷಲ್ ಕ್ಲಾಸ್ ಅಪ್ರೆಂಟಿಸ್' ಎಂಬ ಪದ್ಧತಿ ತಂದಿತು. ದೇಶದಾದ್ಯಂತ ಪರೀಕ್ಷೆ ನಡೆಸಿ ಆರಿಸಿದ ಕೆಲವೇ ಹುಡುಗರನ್ನು ಬಿಹಾರದ ಜಮಾಲ್‌ಪುರ ವರ್ಕ್‌ಷಾಪಿನಲ್ಲಿ ಪಳಗಿಸಿ ನೇರವಾಗಿ ಮೆಕ್ಯಾನಿಕಲ್ ಅಧಿಕಾರಿಗಳನ್ನಾಗಿ ಮಾಡುತ್ತಿದ್ದರು. 2015ರ ನಂತರ ಆ ಪರೀಕ್ಷೆ ನಿಂತಿದೆ. ಅದೇ ಎಣ್ಣೆ, ಅದೇ ಕಬ್ಬಿಣ. ಆದರೆ ಒಬ್ಬ ಅಪ್ರೆಂಟಿಸ್ ಅಧಿಕಾರಿಯಾಗಿ ಹೊರಬಂದರೆ ಇನ್ನೊಬ್ಬ ಫಿಟ್ಟರ್ ಆಗಿ ಉಳಿದ. ಕಲಿಕೆಯ ಗುಣಕ್ಕಿಂತ, ಒಳಗೆ ಬಂದ ಬಾಗಿಲು ಯಾವುದೆಂಬುದೇ ಮುಂದಿನ ಬದುಕನ್ನು ನಿರ್ಧರಿಸುತ್ತಿತ್ತು.

ಕೆಳಗಿನ ಬಾಗಿಲಿಂದ ಬಂದವರಿಗೆ ಮೇಲಕ್ಕೆ ಹತ್ತಲು ಒಂದು ಹಗ್ಗವನ್ನಾದರೂ ಇಳಿಬಿಟ್ಟದ್ದು 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್. ಹಗಲು ಕೆಲಸ ಮಾಡುತ್ತಾ ರಾತ್ರಿ ಓದಿ ಅದರ ಎ.ಎಂ.ಐ.ಇ. ಪರೀಕ್ಷೆಯನ್ನು ಪಾಸು ಮಾಡಿದವರನ್ನು ಪದವೀಧರರಿಗೆ ಸಮಾನವೆಂದು ಸರಕಾರ ಬಹುಕಾಲ ಪರಿಗಣಿಸಿತು. 2013ರ ಮೇ ತಿಂಗಳ ನಂತರ ನೋಂದಾಯಿಸಿಕೊಂಡವರಿಗೆ ಈ ಸಮಾನತೆ ತಪ್ಪಿತು. ಡಿಪ್ಲೊಮಾ ಮುಗಿಸಿ ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರುವ ಅವಕಾಶವೇ ಈಗ ಉಳಿದಿರುವ ಮುಖ್ಯ ದಾರಿ.

ಕಾನೂನಿನ ಕಣ್ಣಲ್ಲಿ

ಉಮೇದುವಾರಿಕೆಗೆ ಭಾರತದಲ್ಲಿ ಮೊದಲ ಕಾನೂನು ಬಂದದ್ದು 1850ರಲ್ಲಿ. ಬ್ರಿಟಿಷ್ ಇಂಡಿಯಾದ ಆ ಕಾಯಿದೆಯ ಉದ್ದೇಶ ಅನಾಥರು ಹಾಗೂ ಬಡ ಮಕ್ಕಳನ್ನು ಒಬ್ಬ ಯಜಮಾನನ ಬಳಿ ಕರಾರಿನ ಮೇಲೆ ಕಸುಬಿಗೆ ಬಿಡುವುದು. ಹತ್ತು ವರ್ಷ ತುಂಬಿದ ಮಗುವನ್ನು ಏಳು ವರ್ಷಗಳವರೆಗೆ ಹೀಗೆ ಕಟ್ಟಿಹಾಕಬಹುದಿತ್ತು. ಕಲಿಕೆಗೂ ಜೀತಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂಬುದು ಇದರಲ್ಲೇ ಕಾಣುತ್ತದೆ.

ಅದನ್ನು ರದ್ದುಮಾಡಿ ಬಂದದ್ದು 1961ರ ಅಪ್ರೆಂಟಿಸ್ ಕಾಯಿದೆ. ಸ್ವಾತಂತ್ರ್ಯದ ನಂತರ ಬೆಂಗಳೂರು ಕಾರ್ಖಾನೆಗಳ ಊರಾಗಿತ್ತು. 1940ರಲ್ಲಿ ಹುಟ್ಟಿದ ಎಚ್‌ಎಎಲ್, 1953ರ ಎಚ್‌ಎಂಟಿ, 1954ರ ಬಿಇಎಲ್ ಇವಕ್ಕೆಲ್ಲ ಯಂತ್ರ ಬಲ್ಲ ಕೈಗಳು ಬೇಕಿದ್ದವು. ಕಾಯಿದೆಯು ಇಂಥ ಉದ್ಯಮಗಳಿಗೆ ನಿಗದಿತ ಸಂಖ್ಯೆಯ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದನ್ನು ಕಡ್ಡಾಯ ಮಾಡಿತು. ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು, ಸ್ಟೈಪೆಂಡ್ ಕೊಡಬೇಕು, ಕೊನೆಗೆ ಪರೀಕ್ಷೆ ನಡೆದು ಪ್ರಮಾಣಪತ್ರ ಸಿಗಬೇಕು. 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಇದರೊಳಗೆ ತಂದಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ತರಬೇತಿ ಸ್ಥಾನಗಳನ್ನು ಕಾದಿರಿಸಿದ್ದೂ ಅದೇ ತಿದ್ದುಪಡಿ. ಭೋವಿಗಳು ಪರಿಶಿಷ್ಟ ಜಾತಿಯಲ್ಲಿ, ನಾಯಕರು ಪರಿಶಿಷ್ಟ ಪಂಗಡದಲ್ಲಿ ಇರುವ ಚಿತ್ರದುರ್ಗದ ಸೀಮೆಗೆ ಇದರ ಅರ್ಥ ದೊಡ್ಡದು. ಕೋಟೆ ಕಟ್ಟಿದವರ, ಕೋಟೆ ಕಾದವರ ಮೊಮ್ಮಕ್ಕಳಿಗೆ ಅಳತೆ ಪುಸ್ತಕದ ಬಾಗಿಲು ಕಾನೂನಿನ ಬಲದಿಂದ ತೆರೆಯಿತು.

ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಹೀಗೆ ಉತ್ತರ ಸಿಕ್ಕಿತು. ಮೂರನೆಯದಕ್ಕೆ ಸಿಗಲಿಲ್ಲ. ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ ಎಂದು ಕಾಯಿದೆ ಹೇಳುತ್ತದೆ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಹೊಣೆಯನ್ನು ಮಾಲೀಕನ ಮೇಲೆ ಹೊರಿಸುವುದಿಲ್ಲ. ಉತ್ತರ ಪ್ರದೇಶದ ಸಾರಿಗೆ ನಿಗಮಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು, ಉಳಿದೆಲ್ಲ ಅರ್ಹತೆ ಸಮವಾಗಿದ್ದರೆ ತರಬೇತಾದ ಅಪ್ರೆಂಟಿಸ್‌ಗೆ ಆದ್ಯತೆ ಕೊಡಬೇಕೆಂದಿತು. ಅದು ಆದ್ಯತೆ ಮಾತ್ರ, ಹಕ್ಕಲ್ಲ. ರೈಲ್ವೆಯು ತನ್ನ ಕೆಳಹಂತದ ನೇಮಕಗಳಲ್ಲಿ ತರಬೇತಿ ಮುಗಿಸಿದ ಅಪ್ರೆಂಟಿಸ್‌ಗಳಿಗೆ ಶೇಕಡಾ 20 ಸ್ಥಾನ ಮೀಸಲಿಟ್ಟದ್ದು ಈ ಕೊರತೆಯನ್ನು ತುಸು ತುಂಬುವ ಯತ್ನ. 2014ರ ತಿದ್ದುಪಡಿಯು ಮಾಲೀಕರಿಗಿದ್ದ ಜೈಲುಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿತು. 2019ರ ನಿಯಮಗಳು ಮೂವತ್ತಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಗಳು ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಹೊಂದಿರಬೇಕೆಂದವು. ಅವು ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ.

ದೂರದ ಲೆಕ್ಕ

ಒಂಬತ್ತು ಸಾವಿರ ರೂಪಾಯಿ ಎಂಬುದು ಬೆಂಗಳೂರಿನಲ್ಲಿ ಮನೆಯಿರುವವನಿಗೆ ಒಂದು ಲೆಕ್ಕ, ಹೊಸದುರ್ಗದ ಹಳ್ಳಿಯಿಂದ ಹೋದವನಿಗೆ ಇನ್ನೊಂದು ಲೆಕ್ಕ. ಕೊಠಡಿ ಬಾಡಿಗೆ, ಊಟ, ಬಸ್ಸು ಕಳೆದರೆ ಕೈಯಲ್ಲಿ ಉಳಿಯುವುದೇನೂ ಇಲ್ಲ. ಮನೆಯಿಂದ ಹಣ ತರಿಸಿಕೊಳ್ಳಬಲ್ಲವನು ಒಂದು ವರ್ಷ ಕಲಿಯುತ್ತಾನೆ. ತರಿಸಿಕೊಳ್ಳಲಾರದವನು ಪ್ರಮಾಣಪತ್ರ ಬಿಟ್ಟು ಸಿಕ್ಕ ಕೂಲಿಗೆ ನಿಲ್ಲುತ್ತಾನೆ. ಮನೆಯಿಂದ ದೂರ ಕಳುಹಿಸಲು ಹಿರಿಯರು ಹಿಂಜರಿಯುವ ಹೆಣ್ಣುಮಕ್ಕಳ ಪಾಡಂತೂ ಹೇಳಬೇಕಾಗಿಲ್ಲ. ಕಾನೂನು ತೆರೆದ ಬಾಗಿಲನ್ನು ದೂರವೇ ಅರ್ಧ ಮುಚ್ಚಿಬಿಡುತ್ತದೆ.

ಹೀಗಾಗಿ ಊರಿನ ಹತ್ತಿರವೇ ಕಲಿಯುವ ಜಾಗಗಳಿರುವುದು ಮುಖ್ಯ. ಈ ಸೀಮೆಯಲ್ಲಿ ಅಂಥವು ಇಲ್ಲದಿಲ್ಲ. ಸಾರಿಗೆ ಸಂಸ್ಥೆಯ ಡಿಪೋಗಳಿವೆ. ವಿದ್ಯುತ್ ಪೂರೈಸುವ ಬೆಸ್ಕಾಂ ಪದವೀಧರ, ಡಿಪ್ಲೊಮಾ ಅಪ್ರೆಂಟಿಸ್‌ಗಳನ್ನು ತೆಗೆದುಕೊಂಡದ್ದಿದೆ. ಚಿತ್ರದುರ್ಗದ ಸುತ್ತಲ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ, ಕಾಲುವೆ, ನೀರೆತ್ತುವ ಪಂಪುಗಳ ಕೆಲಸ ಈ ಬಯಲು ಸೀಮೆಯಲ್ಲಿ ಒಂದು ತಲೆಮಾರಿಗೆ ಸಾಕಾಗುವಷ್ಟು ಪಾಠವನ್ನು ಹೊತ್ತು ನಿಂತಿದೆ. ಆ ಯೋಜನೆಯ ನೀರು ಆಗಲೇ ವಾಣಿವಿಲಾಸ ಸಾಗರಕ್ಕೂ ಹರಿದಿದೆ. 1933ರಲ್ಲಿ ಕೋಡಿ ಹರಿದಿದ್ದ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಮಳೆಯೊಂದಿಗೆ ಭದ್ರೆಯ ನೀರೂ ಸೇರಿದಾಗ.

ದೊಡ್ಡ ಕಾಮಗಾರಿಯೊಂದು ಬಿಟ್ಟುಹೋಗುವುದು ಕಲ್ಲು, ಕಾಂಕ್ರೀಟಿನ ಗೋಡೆಯನ್ನಷ್ಟೇ ಅಲ್ಲ. ಕೆಲಸ ಕಲಿತ ಜನರನ್ನು ಕೂಡ. ಮಾರಿಕಣಿವೆಯ ಕಾಲದಲ್ಲಿ ಕೆಲಸ ಇಲಾಖೆಯ ಕಣ್ಣೆದುರು ವರ್ಷಗಟ್ಟಲೆ ನಡೆದು, ಕಲಿತವರು ಸಂಸ್ಥಾನದಲ್ಲೇ ಉಳಿದರು. ಇಂದು ಗುತ್ತಿಗೆ ಕಂಪನಿ ತನ್ನ ಯಂತ್ರ, ತನ್ನ ಆಳುಗಳೊಂದಿಗೆ ಬಂದು, ಕೆಲಸ ಮುಗಿಸಿ ಹೊರಟುಹೋಗುತ್ತದೆ. ಅಂಥ ಗುತ್ತಿಗೆಯ ಷರತ್ತಿನಲ್ಲೇ ಸ್ಥಳೀಯ ಪಾಲಿಟೆಕ್ನಿಕ್, ಐಟಿಐ, ಎಂಜಿನಿಯರಿಂಗ್ ಕಾಲೇಜುಗಳ ಇಷ್ಟು ಮಂದಿಗೆ ಕಲಿಸಬೇಕೆಂದು ಬರೆದು, ಅದನ್ನು ಅಳತೆ ಪುಸ್ತಕದಷ್ಟೇ ಕಟ್ಟುನಿಟ್ಟಾಗಿ ಪರಿಶೀಲಿಸಿದರೆ, ಎರಡನೆಯ ಪ್ರಶ್ನೆಗೂ ಮೂರನೆಯ ಪ್ರಶ್ನೆಗೂ ಒಟ್ಟಿಗೇ ಉತ್ತರದ ದಾರಿ ತೆರೆದೀತು. ಮತ್ತೋಡಿನ ಕುಲುಮೆಯಲ್ಲಿ ಕಲಿಕೆಯೂ ಕೆಲಸವೂ ಇದ್ದವು, ಬಾಗಿಲು ಮಾತ್ರ ಕಿರಿದಾಗಿತ್ತು. ಈಗ ಬಾಗಿಲು ಅಗಲವಾಗಿದೆ. ಒಳಗೆ ಬಂದವರಿಗೆ ಕಲಿಸುವ, ಕಲಿತವರನ್ನು ಉಳಿಸಿಕೊಳ್ಳುವ ಹೊಣೆ ಬಾಕಿಯಿದೆ.